ಸಣ್ಣ ಅಂಗಡಿ, ಸಣ್ಣ ಫ್ಯಾಕ್ಟರಿಗೆ ಸ್ಟ್ರಕ್ಚರ್, ಕಲ್ಚರ್ ಎಲ್ಲ ಬೇಕಾ? ದಾವಣಗೆರೆ, ಚಿತ್ರದುರ್ಗ ಕಡೆಯವರು ಹೇಳಿ

ಮಂಡಿಪೇಟೆ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಪಂಪು, ಪೈಪು, ಡ್ರಿಪ್ ಸಾಮಾನು ಮಾರುವ ಹೋಲ್‌ಸೇಲ್ ಅಂಗಡಿಯಲ್ಲಿ ನಾನು ಲೆಕ್ಕ ನೋಡುತ್ತೇನೆ. ಅಂಗಡಿ ದಾವಣಗೆರೆ ಮಂಡಿಪೇಟೆಯಲ್ಲಿ, ಗೋಡೌನ್ ಎಪಿಎಂಸಿ ಕಡೆ. ಮೊದಲು ಏಳೆಂಟು ಜನ ಇದ್ದೆವು. ಯಾರು ಏನು ಮಾಡಬೇಕು ಅಂತ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಈಗ ಕೌಂಟರ್, ಬಿಲ್ಲಿಂಗ್, ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಎಲ್ಲ ಸೇರಿ ಮೂವತ್ತು ದಾಟಿದ್ದೇವೆ. ಯಜಮಾನರು ಇಬ್ಬರು, ಅಣ್ಣ ತಮ್ಮ. ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಬೇಸಿಗೆ ಶುರುವಾಗಿತ್ತು, ಸೀಸನ್ ಜೋರು. ಜಗಳೂರು ಕಡೆಯ ರೈತರೊಬ್ಬರು ಸುಟ್ಟ ಸಬ್‌ಮರ್ಸಿಬಲ್ ಮೋಟರನ್ನು ಗಾಡಿಗೆ ಹಾಕಿಕೊಂಡು ಬೆಳಿಗ್ಗೆಯೇ ಬಂದರು. ವಾರಂಟಿ ಇನ್ನೂ ಇತ್ತು. ಅಡಿಕೆ ಸಸಿ ಒಣಗುತ್ತಿವೆ ಅಂತ ಅವರ ಗೋಳು. ದೊಡ್ಡ ಯಜಮಾನರು 'ಹೊಸದು ಕೊಟ್ಟು ಕಳಿಸೋ' ಎಂದರು. ಕೌಂಟರ್ ಹುಡುಗ ಮೋಟರ್ ತೆಗೆದು ಚಲನ್ ಬರೆಯುವಷ್ಟರಲ್ಲಿ ಸಣ್ಣ ಯಜಮಾನರು ಬಂದು ತಡೆದರು. ವೋಲ್ಟೇಜ್ ಏರುಪೇರಾಗಿ ಸುಟ್ಟಿದೆಯೋ, ಬೋರಿನಲ್ಲಿ ನೀರಿಲ್ಲದೆ ಓಡಿ ಸುಟ್ಟಿದೆಯೋ, ಮೋಟರಿನದ್ದೇ ದೋಷವೋ ಅಂತ ಬಿಚ್ಚಿ ನೋಡದೆ ಕೊಟ್ಟರೆ ಕಂಪನಿಯವರು ನಮಗೆ ಕ್ಲೇಮ್ ಕೊಡುವುದಿಲ್ಲ ಅನ್ನುವುದು ಅವರ ಮಾತು. ಅದೂ ನಿಜವೇ. ಆದರೆ ಬೈಸಿಕೊಂಡದ್ದು ಹುಡುಗ. ಮೊದಲು ಅವರಿಂದ, ಆಮೇಲೆ ಇವರಿಂದ, ಕೊನೆಗೆ ಆ ರೈತರಿಂದಲೂ. ಮುಂದಿನ ತಿಂಗಳು ಸಂಬಳ ತಗೊಂಡು ಹೋದವನು ಮತ್ತೆ ಬರಲಿಲ್ಲ. ಯಾವ ಗಿರಾಕಿಯ ಬೋರು ಎಷ್ಟು ಅಡಿ ಅಂತ ಅವನಿಗೆ ಬಾಯಿಪಾಠ ಇತ್ತು. ಅಂಥವನನ್ನು ಕಳೆದುಕೊಂಡೆವು.

ಈಗ ದೊಡ್ಡ ಯಜಮಾನರ ಮಗ ಎಂಬಿಎ ಮುಗಿಸಿ ಬಂದಿದ್ದಾರೆ. ಯಾರ ಕೆಳಗೆ ಯಾರು ಅಂತ ಚಾರ್ಟ್ ಬರೆದು, ಎಲ್ಲರಿಗೂ ಹುದ್ದೆ ಕೊಟ್ಟು, ಒಂದು ಕಲ್ಚರ್ ಬೆಳೆಸೋಣ ಅನ್ನುತ್ತಾರೆ. ದೊಡ್ಡವರು 'ನಮ್ಮದು ಮನೆ ಇದ್ದಂಗೆ, ಮನೆಗೆ ಯಾರಾದರೂ ಮ್ಯಾನೇಜರ್ ಇಡ್ತಾರಾ' ಅನ್ನುತ್ತಾರೆ. ಚಾರ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮಂಥ ಅಂಗಡಿಗೆ ಇದರಿಂದ ನಿಜವಾಗಿ ಪ್ರಯೋಜನ ಇದೆಯಾ? ಅನುಭವ ಇದ್ದವರು ಹೇಳಿ.

ಹರಿಹರದ ಫೋರ್‌ಮನ್

ತಮ್ಮಾ, ಪ್ರಯೋಜನ ಇದೆ. ಅದು ಮೊದಲು ಸಿಗುವುದು ಆ ಕೌಂಟರ್ ಹುಡುಗನಂಥವರಿಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ನೀನು ಬರೆದದ್ದು ಅದೇ.

ನಾನು ಮೂರು ಪಾಳಿ ನಡೆಯುವ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದವನು. ಹೆಲ್ಪರ್, ಆಪರೇಟರ್, ಚಾರ್ಜ್‌ಮನ್, ಫೋರ್‌ಮನ್, ಅದರ ಮೇಲೆ ಸೂಪರಿಂಟೆಂಡೆಂಟ್. ಮ್ಯಾನೇಜರೇ ಬಂದರೂ ಆಪರೇಟರ್‌ಗೆ ನೇರವಾಗಿ ಕೆಲಸ ಹೇಳುತ್ತಿರಲಿಲ್ಲ. ನನಗೆ ಹೇಳುತ್ತಿದ್ದರು, ನಾನು ಅವನಿಗೆ ಹೇಳುತ್ತಿದ್ದೆ. ಬೆಂಕಿ, ಅಪಘಾತ ಅಂದರೆ ಮಾತ್ರ ಯಾರು ಬೇಕಾದರೂ ಕೂಗಿ ನಿಲ್ಲಿಸಬಹುದಿತ್ತು. ಇದು ದೊಡ್ಡಸ್ತಿಕೆಗೆ ಮಾಡಿಕೊಂಡ ಪದ್ಧತಿ ಅಲ್ಲ. ಫ್ರಾನ್ಸಿನಲ್ಲಿ ಹೆನ್ರಿ ಫಯೋಲ್ ಅಂತ ಗಣಿ ಎಂಜಿನಿಯರ್ ಇದ್ದರು. 1888ರಲ್ಲಿ ಮುಳುಗುತ್ತಿದ್ದ ಗಣಿ ಕಂಪನಿಯನ್ನು ವಹಿಸಿಕೊಂಡು ಎತ್ತಿ ನಿಲ್ಲಿಸಿದವರು. 1916ರಲ್ಲಿ ಅವರು ಬರೆದಿಟ್ಟ 14 ಸೂತ್ರಗಳಲ್ಲಿ ಒಂದು, ಕೆಲಸಗಾರನಿಗೆ ಒಬ್ಬರಿಂದ ಮಾತ್ರ ಆದೇಶ ಬರಬೇಕು ಅನ್ನುವುದು. ನಿಮ್ಮ ಅಂಗಡಿಯಲ್ಲಿ ತಪ್ಪಿರುವುದು ಅದೊಂದೇ.

ಪಾಳಿ ಬದಲಾಗುವಾಗ ನಮ್ಮಲ್ಲಿ ಲಾಗ್ ಬುಕ್ ಬರೆಯಬೇಕಿತ್ತು. 'ಮೂರನೇ ನಂಬರ್ ಪಂಪಿನ ಬೇರಿಂಗ್ ಸದ್ದು ಮಾಡುತ್ತಿದೆ, ಗ್ರೀಸ್ ಹಾಕಿದೆ, ಆದರೂ ಬಿಸಿ ಇದೆ, ಎರಡು ಗಂಟೆಗೊಮ್ಮೆ ನೋಡಿ' ಅಂತ ಬರೆದು ಸಹಿ ಹಾಕುವುದು. ಬರುವವನು ಓದಿ, ಆ ಪಂಪಿನ ಹತ್ತಿರ ಹೋಗಿ ಸದ್ದು ಕೇಳಿ, ತಾನೂ ಸಹಿ ಹಾಕಬೇಕು. ಆಮೇಲೆ ಹಿಂದಿನ ಪಾಳಿಯವನು ಗೇಟ್ ದಾಟಬಹುದು. ರಾತ್ರಿ ಮೂರಕ್ಕೆ ಬೇರಿಂಗ್ ಹೋದರೆ ರಾತ್ರಿ ಪಾಳಿಯವನ ತಲೆಗೆ ಕಟ್ಟುವ ಹಾಗಿರಲಿಲ್ಲ. ಯಾವಾಗಿನಿಂದ ಸದ್ದು ಇತ್ತು ಅಂತ ಪುಸ್ತಕವೇ ಹೇಳುತ್ತಿತ್ತು. ಬಾಯಿ ಜೋರಿಲ್ಲದ ಎಷ್ಟೋ ಜನರನ್ನು ಆ ಪುಸ್ತಕ ಕಾಪಾಡಿದೆ.

ವಿದ್ಯಾನಗರದ ಟೆಕ್ಕಿ

ಫೋರ್‌ಮನ್ ಸರ್ ಅವರ ಮೇಲೆ ಗೌರವ ಇಟ್ಟುಕೊಂಡೇ ಬೇರೆ ಮಾತು ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡಿ ಈಗ ಊರಿಂದಲೇ ಮಾಡುತ್ತಿದ್ದೇನೆ. ಹಿಂದಿನ ಕಂಪನಿಯಲ್ಲಿ ಸ್ಟ್ರಕ್ಚರ್ ಅಂದರೆ ಅನುಮತಿಯ ಸಾಲು. ಗ್ರಾಹಕರಿಗೆ ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದರೂ ಒಂದು ಸಣ್ಣ ಬದಲಾವಣೆಗೆ ಮೂರು ಜನ ಒಪ್ಪಬೇಕಿತ್ತು. ಒಬ್ಬರು ರಜೆಯಲ್ಲಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು.

ಕಲ್ಚರ್ ಅಂದರೆ ಗೋಡೆ ಮೇಲಿನ ಪೋಸ್ಟರ್. 'ನಾವೆಲ್ಲ ಒಂದೇ ಕುಟುಂಬ' ಅಂತ ಬರೆದಿದ್ದರು. ಶನಿವಾರ ಭಾನುವಾರ ಕೆಲಸ ಮಾಡಿಸುವಾಗ ಆ ಕುಟುಂಬ ನೆನಪಾಗುತ್ತಿತ್ತು. ಜನರನ್ನು ತೆಗೆಯುವಾಗ ಬೆಳಿಗ್ಗೆ ಒಂದು ಇಮೇಲ್ ಬಂತು, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ವಾಪಸ್. ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಆಗ ಆರು ತಿಂಗಳು. ಅದನ್ನು ನಾನು ಮರೆಯುವುದಿಲ್ಲ. ಹಾಗಾಗಿ ಗುಮಾಸ್ತಣ್ಣ, ಚಾರ್ಟ್ ಬರೆದು ಹುದ್ದೆ ಹಂಚಿದ ಮಾತ್ರಕ್ಕೆ ಏನೂ ಆಗಲ್ಲ. ಇರುವ ಸಲುಗೆಯೂ ಹೋಗುತ್ತೆ ಅಂತ ನನ್ನ ಭಯ.

ಲೈನ್ ಸೂಪರ್‌ವೈಸರ್ ಅಕ್ಕ

ಟೆಕ್ಕಿ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದೇನೆ. ನಮ್ಮಲ್ಲಿ ಸ್ಟ್ರಕ್ಚರ್‌ಗೆ ಏನೂ ಕಡಿಮೆ ಇಲ್ಲ. ಹೆಲ್ಪರ್, ಟೈಲರ್, ಚೆಕರ್, ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್. ಗಂಟೆಗೆ ಎಷ್ಟು ಪೀಸ್ ಅಂತ ಪ್ರತಿ ಲೈನಿನ ತುದಿಯಲ್ಲಿ ಬೋರ್ಡ್. ಆದರೂ ಒಂದೇ ಸೂರಿನ ಕೆಳಗೆ, ಅದೇ ಮಷೀನ್, ಅದೇ ಸಂಬಳ, ಅದೇ ಬೋರ್ಡ್ ಇರುವ ಎರಡು ಲೈನ್‌ಗಳು ಬೇರೆ ಬೇರೆ ಥರ ನಡೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಲೈನಿನಲ್ಲಿ ಟಾರ್ಗೆಟ್ ತಪ್ಪಿದರೆ ಎಲ್ಲರ ಮುಂದೆ ಬೈಗುಳ. ಅಲ್ಲಿ ಕಾಲರ್ ಹೊಲಿಯುವ ಹುಡುಗಿಗೆ ದಾರ ಪದೇ ಪದೇ ತುಂಡಾಗುತ್ತಿದ್ದರೂ ಹೇಳುತ್ತಿರಲಿಲ್ಲ. ಹೇಳಿದರೆ 'ನಿನಗೆ ಕೆಲಸ ಬರಲ್ಲ' ಅನ್ನುತ್ತಾರೆ ಅಂತ ಭಯ. ಸಂಜೆ ಚೆಕರ್ ಹತ್ತಿರ ಹೋದಾಗ ಕಾಲರ್‌ಗಳ ರಾಶಿಯೇ ವಾಪಸ್. ಬಿಚ್ಚಿ ಮತ್ತೆ ಹೊಲಿಯಬೇಕು. ಪಕ್ಕದ ಲೈನಿನಲ್ಲಿ ಸೂಪರ್‌ವೈಸರ್ ಗಂಟೆಗೊಮ್ಮೆ ಬೋರ್ಡ್ ಬರೆಯುವಾಗ 'ಏನಮ್ಮಾ, ಯಾಕೆ ಕಡಿಮೆ ಆಯ್ತು, ಮಷೀನ್ ಏನಾದರೂ ಕಾಟ ಕೊಡ್ತಿದೆಯಾ' ಅಂತ ಕೇಳುತ್ತಿದ್ದರು. ಆ ಹುಡುಗಿಯರು ತಾವಾಗೇ ಕೈ ಎತ್ತಿ ಮೆಕ್ಯಾನಿಕ್ ಕರೆಯುತ್ತಿದ್ದರು. ಸೂಜಿ ಬದಲಾಯಿಸಿದರೆ ಎರಡು ನಿಮಿಷದ ಕೆಲಸ. ಆ ಲೈನಿನಲ್ಲಿ ಗೈರುಹಾಜರಿ ಕಡಿಮೆ, ಬಿಟ್ಟು ಹೋಗುವವರೂ ಕಡಿಮೆ. ಚಾರ್ಟ್‌ನಲ್ಲಿ ನೋಡಿದರೆ ಎರಡೂ ಒಂದೇ. ವಾತಾವರಣ ಬೇರೆ.

ಆದರೆ ತಮ್ಮಾ, ವಾತಾವರಣ ಚೆನ್ನಾಗಿದ್ದರೆ ಸಾಕು, ನಿಯಮ ಬೇಡ ಅನ್ನಬೇಡ. ಹೆಣ್ಣುಮಕ್ಕಳ ವಿಷಯಕ್ಕೆ ಬಾ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತೆ. ಅಧ್ಯಕ್ಷತೆ ಹಿರಿಯ ಮಹಿಳಾ ಉದ್ಯೋಗಿಯದು, ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಮಹಿಳೆಯರು, ಹೊರಗಿನವರು ಒಬ್ಬರು. 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಯಜಮಾನರು ಎಷ್ಟೇ ಒಳ್ಳೆಯವರಿರಲಿ, ಹತ್ತೊಂಬತ್ತು ವರ್ಷದ ಹುಡುಗಿ ಅವರ ಚೇಂಬರಿಗೆ ಹೋಗಿ ಇಂಥ ಮಾತು ಹೇಗೆ ಹೇಳ್ತಾಳೆ? ಸಮಿತಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಆಕೆಯ ಹೆಸರು ಗೋಡೆ ಮೇಲಿದೆ ಅಂದರೆ ಹೇಳ್ತಾಳೆ. ಗುಮಾಸ್ತರೇ, ನಿಮ್ಮಲ್ಲಿ ಬಿಲ್ಲಿಂಗ್ ಹುಡುಗಿಯರು ಇದ್ದರೆ ಇದನ್ನು ಮೊದಲು ಮಾಡಿಸಿ.

ಸಿಸ್ಟರ್, ನೈಟ್ ಡ್ಯೂಟಿ

ಲೈನ್ ಅಕ್ಕ ಹೇಳಿದ್ದನ್ನು ಓದಿ ಬರೆಯಬೇಕು ಅನ್ನಿಸಿತು. ನಾನು ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್. ನಮ್ಮಲ್ಲಿ ನಿಯಮಗಳು ಜಾಸ್ತಿ, ಇರಲೇಬೇಕು. ಡಾಕ್ಟರ್ ಫೋನಿನಲ್ಲಿ ಔಷಧಿ ಹೇಳಿದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಬೇಕು. ಫಿಫ್ಟೀನ್ ಅಂದಿದ್ದು ಫಿಫ್ಟಿ ಅಂತ ಕೇಳಿಸಬಹುದು, ಅದಕ್ಕೆ 'ಒನ್ ಫೈವ್' ಅಂತ ಬಿಡಿಸಿ ಹೇಳಿಸುತ್ತೇವೆ. ಇನ್ಸುಲಿನ್, ಪೊಟ್ಯಾಸಿಯಂ ಇಂಜೆಕ್ಷನ್ ಕೊಡುವ ಮುಂಚೆ ಇಬ್ಬರು ನೋಡಬೇಕು. ಒಬ್ಬರು ಎಷ್ಟೇ ಸೀನಿಯರ್ ಇದ್ದರೂ ಇಬ್ಬರೇ.

ಇಷ್ಟೆಲ್ಲ ಇದ್ದೂ ಒಂದು ಜಾಗ ಖಾಲಿ ಉಳಿಯುತ್ತೆ. ರಾತ್ರಿ ಎರಡು ಗಂಟೆ. ಕೆಲಸಕ್ಕೆ ಸೇರಿ ಕೆಲವೇ ವಾರ ಆದ ಹುಡುಗಿಗೆ ಡೋಸ್ ಜಾಸ್ತಿ ಬರೆದಂತೆ ಕಾಣುತ್ತೆ. ಅವಳು ಫೋನ್ ಮಾಡ್ತಾಳಾ, ಇಲ್ವಾ? ಹಿಂದಿನ ಸಲ ಕೇಳಿದಾಗ 'ಒಳ್ಳೇದಾಯ್ತು ಕೇಳಿದ್ದು' ಅಂದಿದ್ದರೆ ಮಾಡ್ತಾಳೆ. 'ಇಷ್ಟಕ್ಕೆ ಎಬ್ಬಿಸಿದೆಯಾ' ಅಂದಿದ್ದರೆ ಮಾಡಲ್ಲ. ಪೇಷಂಟ್ ಉಳಿಯುವುದು ಕೆಲವು ಸಲ ಅಷ್ಟರಲ್ಲೇ ಇರುತ್ತೆ. ನಾನು ಸುಮ್ನೆ ದೊಡ್ಡದು ಮಾಡಿ ಹೇಳುತ್ತಿಲ್ಲ.

ನರ್ಸಿಂಗ್ ತರಬೇತಿಯೊಂದರಲ್ಲಿ ಒಂದು ಸಂಶೋಧನೆ ಬಗ್ಗೆ ಹೇಳಿದ್ದರು. ಅಮೆರಿಕದ ಎಮಿ ಎಡ್ಮಂಡ್ಸನ್ ಅನ್ನುವವರು 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಅಂಥ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಆಮೇಲೆ ಕಾರಣ ಗೊತ್ತಾಯಿತು. ಅಲ್ಲಿ ಜನ ತಪ್ಪನ್ನು ಬಾಯಿ ಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಹೇಳಿದ ತಪ್ಪನ್ನು ತಿದ್ದಬಹುದು. ನಿಮ್ಮ ಗೋಡೌನಿನಲ್ಲಿ ಪೈಪು ಒಡೆದದ್ದನ್ನು ಹುಡುಗರು ಬಂದು ಹೇಳ್ತಾರಾ, ರಾಶಿಯ ಕೆಳಗೆ ತಳ್ಳಿಡ್ತಾರಾ? ಅದೊಂದನ್ನು ನೋಡಿ, ನಿಮ್ಮ ಅಂಗಡಿಯ ಕಲ್ಚರ್ ಏನು ಅಂತ ಗೊತ್ತಾಗುತ್ತೆ.

ಮಂಡಿಪೇಟೆ ಗುಮಾಸ್ತ

ಸಿಸ್ಟರ್, ತಳ್ಳಿಡ್ತಾರೆ. ವರ್ಷದ ಸ್ಟಾಕ್ ತೆಗೆಯುವಾಗ ಸಿಗುತ್ತವೆ.

ಕರೂರು ಫ್ಯಾಬ್ರಿಕೇಶನ್

ನಾನು ಮಾಲೀಕರ ಕಡೆಯಿಂದ ಹೇಳುತ್ತೇನೆ. ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಟ್ರ್ಯಾಕ್ಟರ್ ಟ್ರೈಲರ್, ನೇಗಿಲು, ಕಲ್ಟಿವೇಟರ್ ಮಾಡುವ ಶೆಡ್ ನಮ್ಮದು. ಮೊದಲು ಎಲ್ಲದಕ್ಕೂ ನಾನೇ ಬೇಕಿತ್ತು. ವೆಲ್ಡಿಂಗ್ ರಾಡ್ ಮುಗಿದರೆ ಫೋನ್, ಗ್ಯಾಸ್ ಸಿಲಿಂಡರ್ ಬಂದರೆ ಫೋನ್, ಪೇಂಟ್ ಯಾವ ಬಣ್ಣ ಅಂತ ಫೋನ್. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿದ್ದರೂ ಫೋನ್. ಇದನ್ನು ನಾನು ಹೆಮ್ಮೆ ಅಂದುಕೊಂಡು ಕೂತಿದ್ದರೆ ಶೆಡ್ ಬೆಳೆಯುತ್ತಲೇ ಇರಲಿಲ್ಲ.

ಮೊದಲು ಮಾಡಿದ್ದು ಖರ್ಚಿನ ಮಿತಿ. ಐದು ಸಾವಿರದವರೆಗೆ ಸ್ಟೋರ್ ನೋಡುವವರು ನನ್ನನ್ನು ಕೇಳದೆ ತರಬಹುದು, ಬಿಲ್ ಮಾತ್ರ ಇಡಬೇಕು. ಎರಡನೆಯದು ಅಳತೆ. ಟ್ರೈಲರ್ ಚಾಸಿಯನ್ನು ಮೊದಲು ಅಲ್ಲಲ್ಲಿ ಚುಕ್ಕೆ ವೆಲ್ಡಿಂಗ್ ಮಾಡಿ ನಿಲ್ಲಿಸುತ್ತೇವೆ. ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ ಇದೆ, ಪೂರ್ತಿ ವೆಲ್ಡಿಂಗ್ ಮಾಡಬಹುದು. ಒಂದು ಕಡೆ ಜಾಸ್ತಿ ಬಂದರೆ ಆಗಲೇ ತಟ್ಟಿ ಸರಿಮಾಡಬೇಕು. ಪೂರ್ತಿ ಬೆಸುಗೆ ಆದ ಮೇಲೆ ಗೊತ್ತಾದರೆ ಕಟರ್ ಹಾಕಿ ಕತ್ತರಿಸುವುದೇ ಗತಿ. ಕಬ್ಬಿಣವೂ ಹೋಯ್ತು, ದಿನವೂ ಹೋಯ್ತು. ಈ ಅಳತೆ ನೋಡುವವರು ಒಬ್ಬರು, ಬೆಸುಗೆ ಹಾಕುವವರು ಇನ್ನೊಬ್ಬರು. ಅಳತೆಯವರು ಚಾಕ್‌ನಲ್ಲಿ ಗುರುತು ಹಾಕುವ ತನಕ ಯಾರೂ ಮುಂದಿನ ರಾಡ್ ಹಚ್ಚುವ ಹಾಗಿಲ್ಲ, ನಾನು ಬಂದು ಅವಸರ ಮಾಡಿದರೂ.

ಜಪಾನಿನ ಟೊಯೋಟಾ ಫ್ಯಾಕ್ಟರಿಯಲ್ಲಿ ಕೆಲಸಗಾರನ ಕೈಗೆ ಎಟುಕುವ ಹಾಗೆ ಒಂದು ಹಗ್ಗ ಇರುತ್ತೆ. ದೋಷ ಕಂಡರೆ ಎಳೆಯಬೇಕು, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಲೈನ್ ನಿಲ್ಲುತ್ತೆ. ನಮ್ಮ ಚಾಕ್ ಗುರುತಿನ ಕೆಲಸವೂ ಅದೇ. ಆದರೆ ಹಗ್ಗ ಕಟ್ಟುವುದು ಸುಲಭ. ಎಳೆದವನನ್ನು ಬೈಯದೆ ಇರುವುದು ಕಷ್ಟ. ಡೆಲಿವರಿ ದಿನ ಹತ್ತಿರ ಬಂದಾಗ ಒಬ್ಬ ಹೆಲ್ಪರ್ ಬಂದು 'ಸಾರ್, ಇದು ಓರೆ ಇದೆ' ಅಂದರೆ ಮೈಯೆಲ್ಲ ಉರಿಯುತ್ತೆ. ಆಗ ನಾನು ಏನು ಮಾತಾಡುತ್ತೇನೋ ಅದನ್ನೇ ಉಳಿದ ಹದಿನೈದು ಜನ ನೆನಪಿಟ್ಟುಕೊಳ್ಳುತ್ತಾರೆ. ಗಾಗಲ್ ವಿಷಯವೂ ಹಾಗೇ. ಗ್ರೈಂಡಿಂಗ್ ಹತ್ತಿರ ನಾನೇ ಬರಿಗಣ್ಣಲ್ಲಿ ನಿಂತರೆ ಹುಡುಗರು ಹಾಕ್ತಾರಾ?

ಹೋದ ವರ್ಷ ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ತುಂಬಾ ದಿನ ಅಲ್ಲೇ ಇದ್ದೆ. ಒಪ್ಪಿಕೊಂಡಿದ್ದ ಟ್ರೈಲರ್‌ಗಳು ಹೇಳಿದ ದಿನಕ್ಕೇ ಶೆಡ್‌ನಿಂದ ಹೊರಟವು. ಅಮ್ಮನ ಪಕ್ಕ ನೆಮ್ಮದಿಯಿಂದ ಕೂರಲು ಆಯಿತು. ದೊಡ್ಡ ಯಜಮಾನರಿಗೆ ಲಾಭ ಏನು ಅಂತ ಹೇಳಬೇಕಾದರೆ ಇದನ್ನು ಹೇಳಿ.

ವಿದ್ಯಾನಗರದ ಟೆಕ್ಕಿ

ಕರೂರು ಸರ್, ನಿಮ್ಮಂಥ ಮಾಲೀಕರು ಇದ್ದರೆ ಒಪ್ಪುತ್ತೇನೆ. ನಿಮ್ಮ ಶೆಡ್‌ನಲ್ಲಿ ಕೆಲಸ ನಡೆಯುತ್ತಿರುವುದು ನೀವು ಒಳ್ಳೆಯವರು ಅನ್ನುವ ಕಾರಣಕ್ಕೆ. ಸ್ಟ್ರಕ್ಚರ್‌ನಿಂದ ಅಲ್ಲ. ಚಿಕ್ಕ ಜಾಗದಲ್ಲಿ ಎಲ್ಲರೂ ಸಮಾನರಾಗಿ, ಕೂತು ಮಾತಾಡಿ ಕೆಲಸ ಹಂಚಿಕೊಂಡರೆ ಆಗಲ್ವಾ?

ಹರಿಹರದ ಫೋರ್‌ಮನ್

ಆಗುತ್ತೆ ಮಗಾ, ಐದಾರು ಜನ ಇರುವ ತನಕ. ಅದಕ್ಕಿಂತ ಜಾಸ್ತಿ ಆದ ಮೇಲೆ ಹೇಳೋರು ಕೇಳೋರು ಇಲ್ಲದ ಕಡೆ ಅಧಿಕಾರ ಮಾಯ ಆಗುವುದಿಲ್ಲ. ಬಾಯಿ ಜೋರಿರುವವನ ಕೈಗೆ, ಯಜಮಾನರ ಕಿವಿ ಹಿಡಿದವನ ಕೈಗೆ ಹೋಗುತ್ತೆ. ಅವನನ್ನು ಯಾರೂ ನೇಮಿಸಿಲ್ಲ, ಹಾಗಾಗಿ ಪ್ರಶ್ನೆ ಮಾಡುವುದಕ್ಕೂ ಆಗಲ್ಲ.

ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾಗಿದ್ದ ಊರು. ಗಿರಣಿ ಕೆಲಸದ ಚರಿತ್ರೆ ಗೊತ್ತಿದ್ದವರಿಗೆ ಜಾಬರ್ ಅನ್ನುವವನು ಯಾರು ಅಂತ ಗೊತ್ತು. ಮುಂಬೈ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿಸುವುದು, ತೆಗೆಯುವುದು, ರಜೆ ಕೊಡುವುದು ಎಲ್ಲ ಅವನ ಕೈಯಲ್ಲಿ. ಬರೆದಿಟ್ಟ ನಿಯಮ ಇಲ್ಲ. ಕೆಲಸ ಬೇಕಾದರೆ ಅವನಿಗೆ ದಸ್ತೂರಿ, ಅಂದರೆ ಕಮಿಷನ್, ಕೊಡಬೇಕು, ಕೆಲಸ ಉಳಿಯಬೇಕಾದರೆ ಮತ್ತೆ ಕೊಡಬೇಕು. 1931ರಲ್ಲಿ ಕಾರ್ಮಿಕರ ಬಗೆಗಿನ ರಾಯಲ್ ಕಮಿಷನ್ ವರದಿ ಕೊಟ್ಟಾಗ ಈ ಅಧಿಕಾರ ಜಾಬರ್ ಕೈಯಿಂದ ತೆಗೆಯಬೇಕು, ಲೇಬರ್ ಆಫೀಸರ್ ನೇಮಿಸಬೇಕು ಅಂತ ಹೇಳಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಫ್ಯಾಕ್ಟರಿ ಕಾಯ್ದೆ ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚಿನ ಗಂಟೆಗೆ ದುಪ್ಪಟ್ಟು ಕೂಲಿ ಅಂತ ಬರೆದು ಕೊಟ್ಟಿತು. ಬರೆದ ಮೇಲೆ ಕೆಲಸಗಾರ ಅದನ್ನು ತೋರಿಸಿ ಕೇಳಬಹುದಾಯಿತು. ಒಳ್ಳೆಯ ಯಜಮಾನರು ಇದ್ದಾಗ ನಿಯಮದ ಬೆಲೆ ಗೊತ್ತಾಗುವುದಿಲ್ಲ. ಅವರ ನಂತರ ಯಾರು ಬರುತ್ತಾರೆ ಅಂತ ಯಾರಿಗೆ ಗೊತ್ತು?

ಅನುಮತಿಯ ಸಾಲಿನ ಬಗ್ಗೆ ನಿನ್ನ ದೂರು ಸರಿ ಇದೆ. ಫಯೋಲ್ ಅವರಿಗೂ ಅದು ಗೊತ್ತಿತ್ತು. ಬೇರೆ ಬೇರೆ ವಿಭಾಗದಲ್ಲಿ ಒಂದೇ ಮಟ್ಟದಲ್ಲಿ ಇರುವ ಇಬ್ಬರು ಮೇಲೆ ಹೋಗಿ ಕೆಳಗೆ ಬರುವ ಬದಲು ನೇರವಾಗಿ ಮಾತಾಡಿಕೊಳ್ಳಲಿ, ತಮ್ಮ ತಮ್ಮ ಮೇಲಿನವರಿಗೆ ತಿಳಿಸಿದರೆ ಸಾಕು ಅಂತ ಅವರೇ ಹೇಳಿದ್ದಾರೆ. ನಮ್ಮಲ್ಲಿ ಎಲೆಕ್ಟ್ರಿಕಲ್ ಚಾರ್ಜ್‌ಮನ್ ಮತ್ತು ನಮ್ಮ ಚಾರ್ಜ್‌ಮನ್ ಹಾಗೇ ಮಾತಾಡಿಕೊಂಡು ಕೆಲಸ ಮುಗಿಸುತ್ತಿದ್ದರು.

ವಿದ್ಯಾನಗರದ ಟೆಕ್ಕಿ

ಜಾಬರ್ ವಿಷಯ ನನಗೆ ಗೊತ್ತಿರಲಿಲ್ಲ ಸರ್. ಈಗಿನ ಆಫೀಸಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಬಡ್ತಿಗೆ ಏನೇನು ನೋಡುತ್ತಾರೆ ಅಂತ ಬರೆದು ಎಲ್ಲರಿಗೂ ಕೊಟ್ಟಿದ್ದಾರೆ. ಮ್ಯಾನೇಜರ್ ಜೊತೆ ಚಹಾ ಕುಡಿಯಲು ಹೋಗುವವರಿಗೆ, ಹೋಗದವರಿಗೆ ಒಂದೇ ಅಳತೆ. ನಾನು ಊರಿನಲ್ಲಿ ಕೂತು ಕೆಲಸ ಮಾಡಿದರೂ ಹಿಂದೆ ಬೀಳಲಿಲ್ಲ. ಇಂಥ ಸ್ಟ್ರಕ್ಚರ್ ಆದರೆ ನನಗೂ ಬೇಕು.

ಹೊನ್ನಾಳಿ ಡೇರಿ ಕಾರ್ಯದರ್ಶಿ

ಊರಿನಲ್ಲೇ ಇರುವ ಉದಾಹರಣೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಾಲು ಉತ್ಪಾದಕರ ಸಂಘ. ಕೆಳಗೆ ಹಳ್ಳಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರು ಜಿಲ್ಲೆಗೂ ಸೇರಿ ನಮ್ಮ ಒಕ್ಕೂಟ ಶಿಮುಲ್. ಹಸು ಒಂದೇ ಇರಲಿ, ಹತ್ತು ಇರಲಿ, ಸದಸ್ಯರಿಗೆ ಒಂದೇ ಓಟು. ನಿರ್ದೇಶಕರನ್ನು ಸದಸ್ಯರು ಆರಿಸುತ್ತಾರೆ. ನಾನು ಕಾರ್ಯದರ್ಶಿ, ಸಂಬಳಕ್ಕೆ ದುಡಿಯುವವನು, ಆಡಳಿತ ಮಂಡಳಿಗೆ ಉತ್ತರ ಹೇಳಬೇಕು.

ಬೆಳಿಗ್ಗೆ ಡೇರಿ ಮುಂದೆ ನಿಂತು ನೋಡಿ. ಕ್ಯಾನ್ ಹಿಡಿದು ಸಾಲು. ಊರಿನ ಗೌಡರ ಹಾಲಿರಲಿ, ಕೂಲಿ ಮಾಡುವ ಅಜ್ಜಿಯ ಒಂದು ಲೀಟರ್ ಇರಲಿ, ಅದೇ ತೂಕ, ಅದೇ ಜಿಡ್ಡಿನ ಪರೀಕ್ಷೆ, ಅದೇ ಚೀಟಿ. ಜಿಡ್ಡು ಕಡಿಮೆ ಬಂದರೆ ಅಜ್ಜಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ, ನಿಲ್ಲಲಿ. 'ಇನ್ನೊಂದು ಸಲ ಹಾಕು ನೋಡೋಣ' ಅನ್ನುವ ಹಕ್ಕು ಅವಳಿಗೆ ಇದೆ. ಎಷ್ಟೋ ಹಳ್ಳಿಗಳಲ್ಲಿ ಪಕ್ಷ, ಜಾತಿ, ದಾಯಾದಿ ಜಗಳ ಎಲ್ಲ ಇದ್ದೂ ಡೇರಿ ನಡೆಯುತ್ತಿರುವುದು ಆ ಚೀಟಿಯ ಮೇಲಿನ ನಂಬಿಕೆಯಿಂದ.

ಚಳ್ಳಕೆರೆ ಲೆಕ್ಕಿಗ

ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು ನಾನು. ಗುಮಾಸ್ತರಿಗೆ ಕೆಲಸದ ಮಾತು ಒಂದು. ಚಾರ್ಟ್ ಬರೆಯುವ ಮುಂಚೆ ಹೆಸರಿನ ಪಟ್ಟಿ ಸರಿಮಾಡಿ. 10 ಜನ ಆದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ. 20 ಆದರೆ ಪಿಎಫ್, ಅಂದರೆ ಭವಿಷ್ಯ ನಿಧಿ. ನೀವು ಮೂವತ್ತು ದಾಟಿದ್ದೀರಿ. ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಸಿಗುತ್ತೆ, ಮನೆಯವರ ಚಿಕಿತ್ಸೆಗೂ ಬರುತ್ತೆ, ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. 'ಮನೆ ಇದ್ದಂಗೆ' ಅನ್ನುವ ಯಜಮಾನರಿಗೆ ಇದನ್ನು ತೋರಿಸಿ. ಮನೆಯವರು ಅಂದ ಮೇಲೆ ಕಾಯಿಲೆ ಕಸಾಲೆಗೆ, ವಯಸ್ಸಾದ ಕಾಲಕ್ಕೆ ದಾರಿ ಮಾಡಬೇಕು ಅಲ್ವಾ. ನೇಮಕಾತಿ ಪತ್ರ, ಸಂಬಳದ ಚೀಟಿ, ರಜೆ ಪುಸ್ತಕ ಈ ಮೂರು ಇದ್ದರೆ ಹುಡುಗರು ಬೆಂಗಳೂರು ಬಸ್ ಹತ್ತುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಸಂಬಳದ ಚೀಟಿ ಎಷ್ಟು ಮುಖ್ಯ ಅಂತ ಅವರಿಗೇ ಗೊತ್ತು.

ಮಂಡಿಪೇಟೆ ಗುಮಾಸ್ತ

ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಯಜಮಾನರ ಮುಂದೆ ಇಟ್ಟೆ. ಮಗನವರ ಚಾರ್ಟ್ ಸದ್ಯಕ್ಕೆ ಪಕ್ಕಕ್ಕೆ ಹೋಗಿದೆ. ಅದರ ಬದಲು ಯಾವ ಪ್ರಶ್ನೆಗೆ ಯಾರ ಮಾತು ಕೊನೆ ಅಂತ ಒಂದು ಪುಟ ಬರೆದೆವು.

ವಾರಂಟಿ, ಸರ್ವಿಸ್ ಸಣ್ಣ ಯಜಮಾನರದು. ಮೋಟರ್ ಬಂದ ದಿನವೇ ಮೆಕ್ಯಾನಿಕ್ ರೈತರ ಎದುರಿಗೇ ಬಿಚ್ಚಿ ನೋಡಿ ಕಾರಣ ಬರೆಯಬೇಕು. ಕಂಪನಿಯಿಂದ ಉತ್ತರ ಬರುವ ತನಕ ರೈತರಿಗೆ ನಮ್ಮಲ್ಲಿರುವ ರಿಪೇರಿ ಮಾಡಿದ ಮೋಟರ್ ಕೊಡುವುದು, ಬಾಡಿಗೆ ಇಲ್ಲ. ಇದು ದೊಡ್ಡ ಯಜಮಾನರು ಸೇರಿಸಿದ ಮಾತು. 'ಸಸಿ ಒಣಗಬಾರದು, ಅಷ್ಟೇ' ಎಂದರು. ಉದ್ರಿ ಯಾರಿಗೆ, ಎಷ್ಟು ಅನ್ನುವುದು ದೊಡ್ಡವರದು. ತಮ್ಮನವರು ಅದರಲ್ಲಿ ಕೈ ಹಾಕುವುದಿಲ್ಲ. ಉದ್ರಿ ತಮ್ಮ ಕೈಯಲ್ಲೇ ಉಳಿಯಿತು ಅನ್ನುವ ಸಮಾಧಾನಕ್ಕೆ ದೊಡ್ಡವರು ಉಳಿದದ್ದಕ್ಕೆಲ್ಲ ಒಪ್ಪಿದರು ಅಂತ ನನಗೆ ಅನ್ನಿಸಿತು. ಕೌಂಟರಿನವರು ಕೌಂಟರ್ ಹಿರಿಯರನ್ನು ಮಾತ್ರ ಕೇಳಬೇಕು, ಯಜಮಾನರಿಬ್ಬರೂ ಅವರ ಮೂಲಕವೇ ಹೇಳಬೇಕು. ಒಡೆದ ಪೈಪು ಅದೇ ದಿನ ಬಂದು ಹೇಳಿದರೆ ಸಂಬಳದಲ್ಲಿ ಹಿಡಿಯುವುದಿಲ್ಲ. ಹಿಂದೆ ಹಿಡಿಯುತ್ತಿದ್ದರು, ಅದಕ್ಕೇ ಮುಚ್ಚಿಡುತ್ತಿದ್ದರು. ಆಂತರಿಕ ಸಮಿತಿಗೆ ಬಿಲ್ಲಿಂಗ್‌ನ ಹಿರಿಯ ಮೇಡಂ ಅಧ್ಯಕ್ಷರಾಗಲು ಒಪ್ಪಿದ್ದಾರೆ, ಹೊರಗಿನ ಸದಸ್ಯರನ್ನು ಹುಡುಕುತ್ತಿದ್ದೇವೆ.

ಪಿಎಫ್, ಇಎಸ್‌ಐ ಅರ್ಧ ಜನರಿಗೆ ಮಾತ್ರ ಇತ್ತು. ಉಳಿದವರ ದಾಖಲೆ ತೆಗೆದುಕೊಳ್ಳುತ್ತಿದ್ದೇನೆ.

ಲೈನ್ ಸೂಪರ್‌ವೈಸರ್ ಅಕ್ಕ

ಬಹಳ ಒಳ್ಳೇದಾಯ್ತು. ಆ ಮೇಡಂ ಅವರ ಹೆಸರು, ಫೋನ್ ನಂಬರ್ ಎಲ್ಲರಿಗೂ ಕಾಣುವ ಕಡೆ ಹಾಕಿ. ಕಡತದಲ್ಲಿ ಇಟ್ಟರೆ ಉಪಯೋಗ ಇಲ್ಲ.

ಹಮಾಲರ ಮಗಳು

ಮೊದಲಿನಿಂದ ಓದಿದೆ. ಗುಮಾಸ್ತರೇ, ನಿಮ್ಮ ಮೊದಲ ಬರಹದಲ್ಲಿ ಕೌಂಟರ್, ಬಿಲ್ಲಿಂಗ್, ಡ್ರೈವರ್, ಮೆಕ್ಯಾನಿಕ್ ಇದ್ದಾರೆ. ಗೋಡೌನಿನಲ್ಲಿ ಲಾರಿ ಇಳಿಸುವವರು ಯಾರು? ನಮ್ಮಪ್ಪ ಎಪಿಎಂಸಿಯಲ್ಲಿ ಮೂಟೆ ಹೊತ್ತವರು. 20 ಅಡಿ ಪೈಪಿನ ಕಟ್ಟು ಇಬ್ಬರು ಹೆಗಲ ಮೇಲೆ ಹೊತ್ತು ತಿರುಗಿಸುವಾಗ ಹಿಂದಿನವನಿಗೆ ಮುಂದೆ ಏನಿದೆ ಅಂತ ಕಾಣುವುದಿಲ್ಲ. ಮೋಟರ್ ಜಾರಿದರೆ ಕಾಲಿನ ಬೆರಳು ಹೋಗುತ್ತೆ. ಅವರಿಗೆ ಕೆಲಸ ಹೇಳುವವರು ಯಾರು, ಸಂಜೆ ಲೆಕ್ಕ ಕೊಡುವವರು ಯಾರು, ಏಟು ಬಿದ್ದರೆ ಗಾಡಿ ಮಾಡಿ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಅಂತ ಆ ಪುಟದಲ್ಲಿ ಇದೆಯಾ? ಅಪ್ಪನ ಸೊಂಟ ಹಿಡಿದಾಗ ಮೂರು ಅಂಗಡಿಯವರೂ 'ಇವರು ನಮ್ಮವರಲ್ಲ' ಅಂದಿದ್ದರು.

ಮಂಡಿಪೇಟೆ ಗುಮಾಸ್ತ

ಇಲ್ಲಮ್ಮಾ, ಪುಟದಲ್ಲಿ ಇಲ್ಲ. ಲೋಡಿಗೆ ಇಷ್ಟು ಅಂತ ಮೇಸ್ತ್ರಿ ಕೈಗೆ ಹಣ ಕೊಡುತ್ತೇವೆ, ಅವರು ಹಂಚುತ್ತಾರೆ. ಆರು ಜನ ಮಾತ್ರ ದಿನಾ ನಮ್ಮ ಗೋಡೌನಿನಲ್ಲೇ ಇರುತ್ತಾರೆ. ಚಳ್ಳಕೆರೆ ಅಣ್ಣಾ, ಅವರು ಲೆಕ್ಕಕ್ಕೆ ಬರುತ್ತಾರಾ?

ಚಳ್ಳಕೆರೆ ಲೆಕ್ಕಿಗ

ದಿನಾ ನಿಮ್ಮಲ್ಲೇ ದುಡಿಯುವ ಆ ಆರು ಜನ ಬರುತ್ತಾರೆ. ಮೇಸ್ತ್ರಿ ಮೂಲಕ ಬಂದವರಾದರೂ ಹೊಣೆ ನಿಮ್ಮದೇ. ಹಣ ಕೊಡುವಾಗ ಒಬ್ಬೊಬ್ಬರ ಹೆಸರಿಗೆ ಎಷ್ಟು ಅಂತ ಮೇಸ್ತ್ರಿ ಹತ್ತಿರ ಬರೆಸಿಕೊಳ್ಳಿ, ಆಧಾರ್ ಪ್ರತಿ ತಗೊಳ್ಳಿ. ಊರೆಲ್ಲ ಸುತ್ತಿ ಕೆಲಸ ಮಾಡುವವರ ಲೆಕ್ಕ ಬೇರೆ, ಅದಕ್ಕೆ ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ.

ಮಂಡಿಪೇಟೆ ಗುಮಾಸ್ತ

ಸರಿ ಅಣ್ಣ. ನಾಳೆ ಬೆಳಿಗ್ಗೆ ಲಾರಿ ಬರುವ ಮುಂಚೆ ಗೋಡೌನಿಗೆ ಹೋಗಿ ಆರೂ ಜನರ ಹೆಸರು ಬರೆದುಕೊಳ್ಳುತ್ತೇನೆ. ಏಟಾದರೆ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಗೋಡೌನ್ ಇನ್‌ಚಾರ್ಜ್ ಅವರದು ಅಂತ ಪುಟಕ್ಕೆ ಸೇರಿಸುತ್ತೇನೆ. ಡ್ರೈವರ್ ಇಲ್ಲದ ಹೊತ್ತಿನಲ್ಲಿ ಆಟೋ ಮಾಡಲು ಕ್ಯಾಶ್ ಎಲ್ಲಿಂದ ತೆಗೆಯಬೇಕು ಅಂತಲೂ ಬರೆಯಬೇಕು, ಅದನ್ನು ಸಣ್ಣ ಯಜಮಾನರನ್ನು ಕೇಳಿ ಹೇಳುತ್ತೇನೆ.